ಕಾಯಂ ಅತಿಥಿ

ರಾಣೇಬೆನ್ನೂರು
ನವೆಂಬರ್ 9, 2023

ದೀಪಾಲಿ,

ಇದರ ಜೊತೆಗಿರುವ ಮುದ್ರೆ ಹಾಕಿದ ಕಾಗದ ವಿಶ್ವವಿದ್ಯಾಲಯದ್ದು. ಅದನ್ನು ಆಮೇಲೆ ಓದು. ಅದರಲ್ಲಿ ‘ಮಾನ್ಯರೇ’ ಎಂದಿದೆ, ‘ತಮ್ಮ ಅಮೂಲ್ಯ ಸಮಯ’ ಎಂದಿದೆ. ಬರೆದವಳು ನಾನೇ, ಸಹಿ ಮಾತ್ರ ಕುಲಸಚಿವರದು. ಈ ಹಾಳೆ ನನ್ನದು.

ಎಂ.ಎ. ಮುಗಿಸಿ, ಮದುವೆಯಾಗಿ ನೀನು ಪುಣೆಗೆ ಹೋದ ಮೇಲೆ ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಮೂರನೆಯದನ್ನು ಬರೆಯಲು ನನಗೂ ಬಿಗುಮಾನ. ಈಗ ಅದನ್ನು ಬದಿಗಿಟ್ಟು ಕೂತಿದ್ದೇನೆ. ವಾಟ್ಸಾಪಿನಲ್ಲಿ ಕೇಳಬಹುದಿತ್ತು. ಆದರೆ ನೀನು ನೋಡಿಯೂ ಸುಮ್ಮನಾದರೆ ಆ ಎರಡು ನೀಲಿ ಗೆರೆಗಳನ್ನು ದಿನವಿಡೀ ನೋಡುತ್ತ ಕೂರಬೇಕು. ಪತ್ರವಾದರೆ ಅಂಚೆಯವನ ಮೇಲೆ ತಪ್ಪು ಹೊರಿಸಿ ನಿದ್ದೆ ಮಾಡಬಹುದು.

ಹಾವೇರಿಯ ಹೊರಗೆ, ಹೆದ್ದಾರಿಯ ಪಕ್ಕ, ನಮ್ಮ ವರದಾತೀರ ವಿಶ್ವವಿದ್ಯಾಲಯವಿದೆ. ಅಲ್ಲಿ ಇತಿಹಾಸ ಕಲಿಸುವವಳು ನಾನೊಬ್ಬಳೇ. ಕಲಾ ನಿಕಾಯದಿಂದ ವರ್ಷಕ್ಕೊಮ್ಮೆ ‘ಅತಿಥಿ ಉಪನ್ಯಾಸ ಮಾಲೆ’ ನಡೆಯುತ್ತದೆ. ಹೊರಗಿನಿಂದ ದೊಡ್ಡವರೊಬ್ಬರು ಬಂದು ಮೂರು ದಿನ ಮಾತಾಡುತ್ತಾರೆ. ಅವರದು ಅತಿಥಿ ಉಪನ್ಯಾಸ, ನಾನು ಅತಿಥಿ ಉಪನ್ಯಾಸಕಿ. ಹೆಚ್ಚಿಗೆ ಇರುವುದು ಒಂದೇ ಅಕ್ಷರ. ಅವರಿಗೆ ಏಲಕ್ಕಿ ಮಾಲೆ ಹಾಕಿ ಬರಮಾಡಿಕೊಳ್ಳುತ್ತಾರೆ. ನನಗೆ ಪ್ರತಿ ಏಪ್ರಿಲ್‌ನಲ್ಲಿ ‘ನಿಮ್ಮ ಸೇವೆ ಇಂದಿಗೆ ಮುಗಿಯಿತು’ ಎಂಬ ಕಾಗದ ಬರುತ್ತದೆ, ಜುಲೈನಲ್ಲಿ ‘ತಾತ್ಕಾಲಿಕವಾಗಿ ನೇಮಿಸಲಾಗಿದೆ’ ಎಂಬ ಇನ್ನೊಂದು. ತಲೆಗೂದಲು ಬೆಳ್ಳಗಾದರೂ ನಾನಿನ್ನೂ ಅತಿಥಿಯೇ.

ಈ ವರ್ಷ ಒಂದು ಆಸೆ ಹುಟ್ಟಿದೆ. ನಮ್ಮನ್ನು ಕಾಯಂ ಮಾಡಿ ಎಂದು ಅತಿಥಿ ಉಪನ್ಯಾಸಕರೆಲ್ಲ ಸೇರಿ ಮನವಿ ಕೊಟ್ಟಿದ್ದೇವೆ. ಹಿಂದಿ ಕಲಿಸುವ ಸಲ್ಮಾ, ಸಮಾಜಶಾಸ್ತ್ರದ ದ್ರಾಕ್ಷಾಯಿಣಿ, ನಾನು ಮುಂದೆ ನಿಂತವರು. ಬೇಸಿಗೆಯಲ್ಲಿ ಒಂದು ಸಮಿತಿ ಕೂತು ತೀರ್ಮಾನ ಮಾಡುತ್ತದೆ. ಕುಲಪತಿಗಳು ನಮ್ಮ ಮಾತಿಗೆ ಕಿವಿಗೊಡುವುದಿಲ್ಲ, ಹೊರಗಿನಿಂದ ಬಂದವರ ಮಾತಿಗೆ ತಲೆದೂಗುತ್ತಾರೆ. ನೀನು ಬಂದು ಮಾತಾಡು. ಊಟಕ್ಕೆ ಕೂತಾಗ, ಇತಿಹಾಸ ವಿಭಾಗ ಉಳಿಯಬೇಕು, ಕಲಿಸುವವರು ಉಳಿದರೆ ಮಾತ್ರ ಅದು ಉಳಿಯುತ್ತದೆ ಎಂದು ಒಂದು ಮಾತು ಹಾಕು. ನನ್ನ ಹೆಸರು ಎತ್ತಬೇಡ.

ಈ ಸಲ ಆಗದಿದ್ದರೆ ಮುಂದೆ ಆಗುವುದಿಲ್ಲ ಎಂದು ನನಗೆ ಗೊತ್ತಿದೆ. ತರಗತಿ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ ದೀಪಾ.

ನಿನ್ನ
ನಿರ್ಮಲಾ


ಪುಣೆ
ನವೆಂಬರ್ 28, 2023

ಪ್ರೀತಿಯ ನಿಮ್ಮಿ,

ನಿನ್ನ ಅಕ್ಷರ ಇನ್ನೂ ಹಾಗೆಯೇ ಇದೆ, ಯಾರ ಮೇಲೋ ಮುನಿಸಿಕೊಂಡು ಒಂದು ಕಡೆ ವಾಲಿದಂತೆ. ಆ ಎರಡು ಪತ್ರಗಳೂ ನನಗೆ ತಲುಪಿದ್ದವು. ಅಂಚೆಯವನನ್ನು ಬೈಯಬೇಡ. ಆ ವಿಷಯ ಬಂದಾಗ ಮಾತಾಡೋಣ.

ಬರುತ್ತೇನೆ. ಖಂಡಿತ ಬರುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ ಮಾತಾಡುತ್ತೇನೆ. ದಲಾಲರ ಹೆಸರುಗಳು ಸಿಗುತ್ತವೆ, ವ್ಯಾಪಾರಿಗಳ ಹೆಸರುಗಳು ಸಿಗುತ್ತವೆ, ಈ ಹೆಂಗಸರ ಹೆಸರು ಮಾತ್ರ ಯಾವ ದಾಖಲೆಯಲ್ಲೂ ಇಲ್ಲ. ನಾನು ಅವರ ನಡುವೆ ಸೀನುತ್ತ ಬೆಳೆದವಳು. ಇಲ್ಲಿನ ವಿಚಾರಸಂಕಿರಣಗಳಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಅಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ. ಕಾಗದದ ಮೇಲೆ ಹೀಗೆ ಬರೆಯುತ್ತೇನೆ ನಿಜ, ಎದ್ದು ನಿಂತರೆ ನಾಲಿಗೆಗೆ ಬರುವುದು ಮನೆಯ ಕನ್ನಡ ಮಾತ್ರ, ಅದೂ ಅರ್ಧ ಮರಾಠಿ ಕಲಸಿದ್ದು. ನಗಬೇಡ.

ನಿನ್ನ ಹೆಸರು ಎತ್ತಬಾರದಂತೆ! ಪರೀಕ್ಷೆಯಲ್ಲಿ ನನಗಿಂತ ಮುಂದಿದ್ದವಳು ನೀನು. ಇಷ್ಟು ಪುಕ್ಕಲಿ ಯಾವಾಗ ಆದೆ?

ನಿನ್ನ
ದೀಪಾ


ರಾಣೇಬೆನ್ನೂರು
ಜನವರಿ 20, 2024

ದೀಪಾ,

ಪುಕ್ಕಲಿ ಎಂದು ಬೇಕಾದರೆ ಕರೆ. ಇಲ್ಲಿ ಯಾರ ಹೆಸರು ಹೆಚ್ಚು ಕೇಳಿಸುತ್ತದೋ ಅವರನ್ನೇ ಮೊದಲು ಕೈಬಿಡುತ್ತಾರೆ. ಅದಕ್ಕೇ ಹೇಳಿದ್ದು.

ತಯಾರಿ ಜೋರಾಗಿದೆ. ನಿನ್ನ ವಿಷಯದಲ್ಲಿ ‘ತೊಟ್ಟು ಬಿಡಿಸುವ ಹೆಂಗಸರು’ ಎಂದಿದ್ದದ್ದು ಕಚೇರಿಗೆ ಹೋಗಿ ಬರುವಷ್ಟರಲ್ಲಿ ‘ಮಹಿಳಾ ಸಬಲೀಕರಣ: ಒಂದು ಚಿಂತನೆ’ ಆಗಿದೆ. ಕಾರ್ಡು ಹಾಗೆಯೇ ಅಚ್ಚಾಯಿತು, ಸಿಟ್ಟಾಗಬೇಡ. ನನ್ನ ತರಗತಿಯ ಮಕ್ಕಳು ಸಭಾಂಗಣದ ಎರಡು ಸಾಲೂ ತುಂಬುವುದಿಲ್ಲವಾದ್ದರಿಂದ ವಾಣಿಜ್ಯ ವಿಭಾಗದವರಿಗೆ ಹಾಜರಿ ಕೊಡುವುದಾಗಿ ಹೇಳಿ ಕರೆತರುತ್ತಾರೆ. ಅವರು ಫೋನು ನೋಡುತ್ತಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕದರಮಂಡಲಗಿಯ ಮಹೇಶ್ವರಿ ಎಂಬ ನನ್ನ ವಿದ್ಯಾರ್ಥಿನಿ ಒಬ್ಬಳೇ ಸಾಕು, ಕಣ್ಣು ಬಿಟ್ಟುಕೊಂಡು ಕೇಳುತ್ತಾಳೆ. ಅವಳಿಗೆ ಕಲಿಸಿದ ದಿನ ನನಗೆ ಬಸ್ಸಿನಲ್ಲಿ ನಿಂತು ಬಂದರೂ ಕಾಲು ನೋಯುವುದಿಲ್ಲ.

ಈ ಸಲ ನಿನ್ನ ಪರಿಚಯ ಮಾಡಿಕೊಡಲು ನನ್ನನ್ನು ವೇದಿಕೆಯ ಮೇಲೆ ನಿಲ್ಲಿಸುತ್ತಿದ್ದಾರೆ. ಇಷ್ಟು ವರ್ಷದಲ್ಲಿ ಮೊದಲ ಸಲ. ನಮ್ಮವರು, ಮಾಲತೇಶ, ಆ ದಿನ ಬೀಜದ ಅಂಗಡಿ ಮುಚ್ಚಿ ಬರುತ್ತಾರಂತೆ. “ನಿನ್ನ ಭಾಷಣ ಕೇಳಾಕ ಬರಾಕತ್ತೇನಿ, ಆಕೀದಲ್ಲ” ಎಂದರು.

ನಿನ್ನ
ನಿರ್ಮಲಾ


ಬ್ಯಾಡಗಿ
ಫೆಬ್ರವರಿ 11, 2024

ನಿಮ್ಮಿ,

ಅಪ್ಪನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆ ರೈಲು. ಮೂರು ದಿನವೂ ನಿನಗೆ ಬಿಡುವಿರಲಿಲ್ಲ. ನಿನ್ನೆ ಕೊನೆಯ ಸಭೆ ಮುಗಿದ ಮೇಲೂ ಮುಖ ಕೊಡದೆ ಹೋದೆ, ಕುರ್ಚಿ ಎತ್ತಿಡಿಸುವ ಗಡಿಬಿಡಿ ಇತ್ತೇನೋ. ಮಾತಾಡಬೇಕೆಂದಿದ್ದೆಲ್ಲ ಉಳಿಯಿತು.

ಆದರೆ ಎಂಥ ಸಭೆ! ನಾನು ಬರೆದುಕೊಂಡು ಬಂದದ್ದನ್ನು ಪಕ್ಕಕ್ಕಿಟ್ಟು ಮಾತಾಡಿದ್ದೇ ಒಳ್ಳೆಯದಾಯಿತು. ವಾಣಿಜ್ಯದ ಹುಡುಗರೂ ಫೋನು ಕೆಳಗಿಟ್ಟರು. ಕೊನೆಗೆ ನಿನ್ನನ್ನು ನೋಡಿದೆ, ವೇದಿಕೆಯ ಮೂಲೆಯಲ್ಲಿ ಹಾರದ ತಟ್ಟೆ ಹಿಡಿದು ನಿಂತಿದ್ದೆ. ನನಗೆ ತಡೆಯಲಾಗಲಿಲ್ಲ. “ಹೆಸರಿಲ್ಲದ ಹೆಂಗಸರ ಬಗ್ಗೆ ಇಷ್ಟೊತ್ತು ಹೇಳಿದೆ. ಈಗ ಹೆಸರಿದ್ದ ಒಬ್ಬಾಕಿ ಬಗ್ಗೆ ಹೇಳ್ತೇನಿ. ನಮ್ಮ ನಿರ್ಮಲಾ ಇಲ್ಲೆ ಕಾಯಂ ಅದಾಳ. ಅಕಿ ಕಾಯಂ ಇದ್ದದ್ದಕ್ಕ ಈ ವಿಭಾಗ ಉಳದದ” ಎಂದೆ. ಎಷ್ಟು ಚಪ್ಪಾಳೆ! ಕುಲಪತಿಗಳೂ ತಟ್ಟಿದರು.

ನೀನು ಬೇಡ ಎಂದಿದ್ದೆ, ಗೊತ್ತು. ಊಟದ ಮೇಜಿನಲ್ಲಿ ಪಿಸುಗುಟ್ಟುವುದಕ್ಕಿಂತ ತುಂಬಿದ ಸಭೆಯಲ್ಲಿ ಹೇಳಿದರೆ ಯಾರೂ ಅಲ್ಲಗಳೆಯಲಾರರು. ನೋಡುತ್ತಿರು, ನಿನ್ನ ಕೆಲಸ ಆದಂತೆಯೇ.

ನಿನ್ನ
ದೀಪಾ


ರಾಣೇಬೆನ್ನೂರು
ಫೆಬ್ರವರಿ 26, 2024

ದೀಪಾಲಿ,

ನೀನು ರೈಲು ಹತ್ತಿದ ದಿನದ ಪೇಪರನ್ನು ನೋಡಿರಲಿಕ್ಕಿಲ್ಲ. ಜಿಲ್ಲಾ ಪುಟದಲ್ಲಿ ನಿನ್ನ ಫೋಟೊ ಬಂದಿದೆ. ಕೆಳಗೆ, ‘ಕಾಯಂ ಉಪನ್ಯಾಸಕಿ ನಿರ್ಮಲಾ ಕುಪ್ಪೇಲೂರ ಅವರ ಸೇವೆಯನ್ನು ಅತಿಥಿಗಳು ಕೊಂಡಾಡಿದರು.’

ನಿಮ್ಮ ಮನೆಯಲ್ಲಿ ‘ಕಾಯಂ’ ಎಂದರೆ ಯಾವಾಗಲೂ. ನಮ್ಮ ಮನೆಯಲ್ಲೂ ಅಷ್ಟೇ. ‘ಕಾಯಂ ಅಂಗಡ್ಯಾಗ ಇರ್ತಾರ’ ಎಂದು ನಾನೇ ಇವರ ಬಗ್ಗೆ ದಿನಾ ಹೇಳುತ್ತೇನೆ. ಆ ವರದಿಗಾರ ನಮ್ಮ ಕಡೆಯವನಲ್ಲ. ಅವನಿಗೆ ಗೊತ್ತಿರುವ ಕಾಯಂ ನೌಕರಿಯ ಕಾಯಂ ಒಂದೇ.

ಹಲಗೇರಿಯಲ್ಲಿ ನಮ್ಮ ಅತ್ತೆ ಉಚ್ಚಂಗೆವ್ವ ಆ ಪುಟವನ್ನು ಹಿಡಿದುಕೊಂಡು ಓಣಿಯೆಲ್ಲ ಪೇಢೆ ಹಂಚಿದ್ದಾರೆ. “ನಮ್ಮ ಸೊಸಿ ಕಾಯಂ ಆದ್ಳು, ಬಾಯಿ ಸಿಹಿ ಮಾಡ್ಕೋರಿ” ಎಂದು. ತಪ್ಪು ಅಚ್ಚಾಗಿದೆ ಎಂದು ನಾನು ಫೋನಿನಲ್ಲಿ ಹೇಳಿದರೆ, “ನನಗ ಓದಾಕ ಬರೂದಿಲ್ಲಂತ ಆಟ ಆಡಸಬ್ಯಾಡವಾ. ಪೇಪರಿನ್ಯಾಗ ಯಾರರ ಸುಳ್ಳ ಬರೀತಾರೇನು?” ಎಂದರು. ಅವರ ದನಿಯಲ್ಲಿ ಅಷ್ಟು ಸಂತೋಷ ನಾನು ಕೇಳಿರಲಿಲ್ಲ. ಇನ್ನೊಮ್ಮೆ ತಿದ್ದಲು ಹೋಗದೆ ಫೋನಿಟ್ಟೆ.

ಅದಾದರೂ ನಗುವ ಮಾತು. ಇದು ಅಲ್ಲ. ದ್ರಾಕ್ಷಾಯಿಣಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಎಲ್ಲರ ಹೆಸರಿನಲ್ಲಿ ಮನವಿ ಕೊಟ್ಟು, ಒಳಗಿಂದೊಳಗೆ ನಾನೊಬ್ಬಳೇ ಕಾಯಂ ಮಾಡಿಸಿಕೊಂಡೆ ಎಂದು ಸ್ಟಾಫ್ ರೂಮಿನಲ್ಲಿ ಸುದ್ದಿ. ಸಲ್ಮಾ ಒಬ್ಬಳು ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚುತ್ತಾಳೆ. ಕುಲಸಚಿವರು ನೋಟಿಸು ಕೊಟ್ಟಿದ್ದಾರೆ. ಇಲ್ಲದ ಹುದ್ದೆಯನ್ನು ಇದೆಯೆಂದು ಪತ್ರಿಕೆಗೆ ಹೇಳಿದ್ದಕ್ಕೆ ನಿಮ್ಮ ಮೇಲೆ ಕ್ರಮ ಯಾಕೆ ತೆಗೆದುಕೊಳ್ಳಬಾರದು ಎಂದು. ನಾನು ಹೇಳಿಲ್ಲ ಎಂದರೆ, “ಹಂಗಾದ್ರ ಹೇಳಿದಾವ್ರ ಕಡಿಂದ ಬರಸ್ಕೊಂಡ ಬರ್ರಿ” ಎಂದರು.

ಆದ್ದರಿಂದ ಇಷ್ಟು ಮಾಡು. ‘ಕಾಯಂ ಎಂಬ ಮಾತನ್ನು ಯಾವಾಗಲೂ ಎಂಬ ಅರ್ಥದಲ್ಲಿ ಆಡಿದೆ’ ಎಂದು ಒಂದು ಸಾಲು ಬರೆದು ಕಳಿಸು. ಅದಕ್ಕಿಂತ ಒಂದು ಮಾತೂ ಹೆಚ್ಚು ಬೇಡ. ದಯವಿಟ್ಟು.

ನಿರ್ಮಲಾ


ಪುಣೆ
ಮಾರ್ಚ್ 9, 2024

ನಿಮ್ಮಿ,

ನಿನ್ನ ಪತ್ರ ಓದಿ ತಲೆ ಚಚ್ಚಿಕೊಂಡೆ. ನನ್ನ ಬಾಯಿಗಿಷ್ಟು! ಅತ್ತೆಯ ಪೇಢೆಯ ವಿಷಯಕ್ಕೆ ಮಾತ್ರ ನಕ್ಕುಬಿಟ್ಟೆ, ಕ್ಷಮಿಸು.

ಹೆದರಬೇಡ, ಎಲ್ಲ ಸರಿಯಾಯಿತು. ನಾನು ಬರೆಯಲು ಕೂರುವ ಮೊದಲೇ ನಿಮ್ಮ ಕುಲಸಚಿವರು ಫೋನು ಮಾಡಿದ್ದರು. ನೀನು ಹೇಳಿದಷ್ಟು ಕೆಟ್ಟವರಲ್ಲ ಬಿಡು. “ಮೇಡಂ, ನಿಮ್ಮ ಗೆಳತ್ಯಾರಿಗೆ ತೊಂದ್ರಿ ಆಗಬಾರ್ದಂದ್ರ ನಾಕ ಸಾಲ ಬರದ ಕಳಸ್ರಿ. ಉಳಿದದ್ದ ನಾವ ನೋಡ್ಕೋತೇವಿ” ಎಂದರು. ಒಂದೇ ಸಾಲು ಕಳಿಸಿದರೆ ನುಣುಚಿಕೊಂಡಂತೆ ಕಾಣುತ್ತದಂತೆ. ಅವರು ಹೇಳಿದ ಹಾಗೆ ಸೇರಿಸಿದೆ: ‘ಕಾಯಂ ಎಂದದ್ದು ಆಡುಮಾತಿನಲ್ಲಿ. ಅವರು ಪ್ರತಿ ವರ್ಷ ಹೊಸದಾಗಿ ಬಂದು ಹೋಗುವ ಅತಿಥಿ ಉಪನ್ಯಾಸಕರು. ಅವರ ಸೇವೆ ನಿರಂತರವಲ್ಲ ಎಂಬುದು ನನಗೆ ಅವರಿಂದಲೇ ತಿಳಿದಿದೆ.’ ಸುಳ್ಳೇನೂ ಅಲ್ಲವಲ್ಲ, ಏಪ್ರಿಲ್, ಜುಲೈ ಎಂದು ನೀನೇ ಬರೆದಿದ್ದೆ. ಇನ್ನು ನಿನ್ನ ಮೇಲೆ ಯಾರೂ ಬೆರಳು ತೋರಿಸಲಾರರು.

ಮಾತಿನ ನಡುವೆ, ಮುಂದಿನ ವರ್ಷದ ಉಪನ್ಯಾಸ ಮಾಲೆಗೆ ನಾನು ಸಲಹೆಗಾರ್ತಿಯಾಗಬೇಕೆಂದು ಕೇಳಿದರು. ಒಪ್ಪಿಕೊಂಡೆ. ಒಳಗೆ ನಿನ್ನವಳೊಬ್ಬಳು ಇರುವುದು ಒಳ್ಳೆಯದೇ ಅಲ್ಲವೇ?

ನಿನ್ನ
ದೀಪಾ


ರಾಣೇಬೆನ್ನೂರು
ಜುಲೈ 16, 2024

ದೀಪಾಲಿ,

ಉತ್ತರ ತಡವಾಯಿತು. ಏನು ಬರೆಯಬೇಕೆಂದು ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮ ಮನವಿ ನಿಂತದ್ದು ಒಂದೇ ಮಾತಿನ ಮೇಲೆ. ಏಪ್ರಿಲ್‌ನಲ್ಲಿ ನಮ್ಮನ್ನು ಬಿಡಿಸಿದಂತೆ ಕಾಗದ ಕೊಡುತ್ತಾರೆ, ಆದರೆ ನಾವು ಬಿಟ್ಟವರಲ್ಲ. ಆ ಬೇಸಿಗೆಯಲ್ಲೇ ಉತ್ತರಪತ್ರಿಕೆ ತಿದ್ದುತ್ತೇವೆ, ಪ್ರವೇಶದ ಕೆಲಸ ಮಾಡುತ್ತೇವೆ. ಆದ್ದರಿಂದ ಸೇವೆ ನಿರಂತರ. ಆ ಒಂದು ಮಾತು ಒಪ್ಪಿಗೆಯಾದರೆ ಎಲ್ಲರೂ ಕಾಯಂ, ಇಲ್ಲವಾದರೆ ಯಾರೂ ಅಲ್ಲ.

ಸಮಿತಿ ನಮ್ಮನ್ನು ಒಳಗೆ ಕರೆದು ಕೂರಿಸಿತು. ಸಲ್ಮಾ ಚೆನ್ನಾಗಿ ಮಾತಾಡಿದಳು. ಸಮಿತಿಯ ಒಬ್ಬರು ಹೌದೆಂದು ತಲೆಯಾಡಿಸಿದ್ದನ್ನೂ ನಾನು ನೋಡಿದೆ. ಆಗ ಕುಲಸಚಿವರು ಎದ್ದು ನಿನ್ನ ಪತ್ರ ಓದಿದರು. ಪ್ರಸಿದ್ಧ ಇತಿಹಾಸಕಾರರು, ಹೊರಗಿನವರು, ನಿಷ್ಪಕ್ಷಪಾತಿಗಳು, ಅರ್ಜಿದಾರರ ಗೆಳತಿ ಬೇರೆ ಎಂದು ನಿನ್ನನ್ನು ಹೊಗಳಿ ಹೊಗಳಿ ಓದಿದರು. ‘ನಿರಂತರವಲ್ಲ ಎಂಬುದು ನನಗೆ ಅವರಿಂದಲೇ ತಿಳಿದಿದೆ’ ಎಂಬಲ್ಲಿಗೆ ಬಂದಾಗ ದನಿ ಎತ್ತಿದರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಚಹಾ ತರಿಸಿದರು.

ಹೊರಗೆ ಬಂದಾಗ ದ್ರಾಕ್ಷಾಯಿಣಿ ಎಲ್ಲರೆದುರಿಗೆ ಕೇಳಿದಳು. “ನಿನ್ನ ಕುತಗಿ ನೀ ಕೊಯ್ಕೊಂಡಿ, ಬಿಡು. ನಮ್ದ್ಯಾಕ ಕೊಯ್ದಿ?” ಸಲ್ಮಾ ನನ್ನ ಚೀಲ ಎತ್ತಿಕೊಂಡು ಬಸ್ ಸ್ಟಾಪಿನವರೆಗೆ ಬಂದಳು. ನನ್ನ ಬಸ್ಸು ಬಂದಾಗ “ನಾ ನಿನ್ನ ಮ್ಯಾಲ ಸಿಟ್ಟಿಗೆದ್ದಿಲ್ಲವಾ, ಆದ್ರ ಇವತ್ತ ಮಾತಾಡಾಕ ಆಗೂದಿಲ್ಲ” ಎಂದಳು. ಅವಳು ಬೈದಿದ್ದರೆ ಹಗುರಾಗುತ್ತಿತ್ತು.

ಮನವಿ ವಜಾ ಆಯಿತು. ಉಳಿದವರಿಗೆ ಜುಲೈ ಆದೇಶ ಎಂದಿನಂತೆ ಬಂದಿದೆ. ನನಗೆ ಬಂದಿಲ್ಲ. ಕೇಳಲು ಹೋದೆ. ನಿಮ್ಮ ಸೇವೆ ಬೇಕಾದಾಗ ತಿಳಿಸುತ್ತೇವೆ ಎಂದರು.

ಒಂದು ಸಾಲು ಸಾಕು ಎಂದಿದ್ದೆ. ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ ಅಷ್ಟು ಹೊತ್ತು ಮಾತಾಡಿದ ನಿನಗೆ ಇದು ಯಾಕೆ ಕಾಣಲಿಲ್ಲ ದೀಪಾ? ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದಿಲ್ಲ.

ನಿರ್ಮಲಾ


ಪುಣೆ
ಆಗಸ್ಟ್ 4, 2024

ನಿಮ್ಮಿ,

ಕುಲಸಚಿವರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಇಮೇಲು ಬರೆದೆ. ನನ್ನ ಮಾತನ್ನು ತಿರುಚಿದ್ದೀರಿ ಎಂದೆ. ‘ತಮ್ಮ ಪತ್ರದ ಒಂದು ಅಕ್ಷರವನ್ನೂ ಬದಲಿಸಿಲ್ಲ’ ಎಂದು ಉತ್ತರ ಬಂತು. ಅದೂ ನಿಜ.

ನನಗೆ ಗೊತ್ತಿರಲಿಲ್ಲ. ನಿರಂತರ ಎಂಬ ಮಾತಿನಲ್ಲಿ ನಿಮ್ಮೆಲ್ಲರ ಜೀವ ಇದೆ ಎಂದು ನೀನು ಮೊದಲೇ ಹೇಳಿದ್ದರೆ ಹೀಗಾಗುತ್ತಿರಲಿಲ್ಲ. ಇದನ್ನು ಬರೆದ ಮೇಲೆ ನನಗೇ ನಾಚಿಕೆಯಾಗುತ್ತಿದೆ. ಆದರೂ ಹೊಡೆದುಹಾಕುವುದಿಲ್ಲ.

ಬರೆ. ಬೈದಾದರೂ ಬರೆ.

ದೀಪಾ


ಪುಣೆ
ನವೆಂಬರ್ 30, 2024

ನಿಮ್ಮಿ,

ನಾಲ್ಕು ಸಲ ಬರೆದೆ. ಫೋನು ಮಾಡಿದರೆ ಮಾಲತೇಶ ಅವರು ಎತ್ತಿ, ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಎಂದು ಇಟ್ಟುಬಿಡುತ್ತಾರೆ. ಈಗ ನೀನು ನನಗೆ ಉತ್ತರ ಕೊಡುತ್ತಿಲ್ಲ. ಆ ಎರಡು ಪತ್ರ ಬರೆದು ಕಾದಾಗ ನಿನಗೆ ಹೇಗಿತ್ತೆಂದು ತಿಳಿಯಿತು.

ಒಂದು ಮಾತು ಕೇಳಬೇಕು. ಫೆಬ್ರವರಿಯ ಉಪನ್ಯಾಸ ಮಾಲೆಯನ್ನು ಉದ್ಘಾಟಿಸಲು ಮತ್ತೆ ನನ್ನನ್ನೇ ಕರೆದಿದ್ದಾರೆ. ಸಲಹಾ ಸಮಿತಿಗೆ ರಾಜೀನಾಮೆ ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಬಂದು, ಅದೇ ವೇದಿಕೆಯ ಮೇಲೆ ನಿಂತು, ನಡೆದದ್ದನ್ನೆಲ್ಲ ಹೇಳಿಬಿಡಲೇ? ಅಥವಾ ಬರದೇ ಇರಲೇ? ನೀನು ಹೇಳಿದಂತೆ ಮಾಡುತ್ತೇನೆ. ಬಂದರೆ ಮೊದಲು ನಿನ್ನ ಮನೆಗೇ ಬರುತ್ತೇನೆ. ನಿನ್ನ ಮುಖ ನೋಡಬೇಕು.

ದೀಪಾ


ರಾಣೇಬೆನ್ನೂರು
ಡಿಸೆಂಬರ್ 22, 2024

ದೀಪಾಲಿ,

ನಿನ್ನ ಪತ್ರಗಳೆಲ್ಲ ಬಂದಿವೆ. ಉತ್ತರ ಬರೆಯಲು ಕೂತರೆ ಅಳು ಬರುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅಳಲಾಗುವುದಿಲ್ಲ. ಈಗ ನಾನು ಅಲ್ಲೇ ಕೂರುತ್ತೇನೆ, ಬಿತ್ತನೆ ಬೀಜದ ಪೊಟ್ಟಣಗಳ ನಡುವೆ. ಇವರು ಒಂದು ದಿನವೂ ನನ್ನನ್ನು ದೂರಿಲ್ಲ. ಕೂರಲು ಒಳ್ಳೆಯ ಕುರ್ಚಿಯೊಂದನ್ನು ತಂದುಕೊಟ್ಟರು.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಮಹೇಶ್ವರಿ ಸಿಕ್ಕಿದ್ದಳು. “ಮೇಡಂ, ಇತಿಹಾಸಕ್ಕ ಮಾಸ್ತರ ಇಲ್ಲ, ಬ್ಯಾರೇ ಏನರ ತಗೋರಿ ಅಂದ್ರು. ನಮ್ಮಪ್ಪ, ಹಂಗಾದ್ರ ಸಾಕು, ಮನ್ಯಾಗ ಇರು ಅಂದ” ಎಂದಳು. ನಾನು ಏನು ಹೇಳಲಿ? ನೀನು ಓದು, ನಾನಿದ್ದೇನೆ ಎನ್ನುವ ಸ್ಥಾನ ನನಗೀಗ ಇಲ್ಲ. ಅವಳ ಮದುವೆ ಗೊತ್ತಾಗಿದೆಯಂತೆ. ಅವಳ ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಎಲ್ಲಿಗೆ ಹೋಗಬೇಕೆಂದು ಬಂದಿದ್ದೆನೋ ಮರೆತುಹೋಗಿತ್ತು.

ನೀನು ಕೇಳಿದ್ದಕ್ಕೆ ಉತ್ತರ. ಬೇಕಾದರೆ ಬಾ, ಬೇಡವಾದರೆ ಬಿಡು. ನೀನು ಬರದಿದ್ದರೆ ಮತ್ತೊಬ್ಬರು ಬರುತ್ತಾರೆ, ಅವರಿಗೂ ಮಾಲೆ ಹಾಕುತ್ತಾರೆ. ವಿಭಾಗ ಮುಚ್ಚಿದರೂ ಉಪನ್ಯಾಸ ಮಾಲೆ ನಿಲ್ಲುವುದಿಲ್ಲ. ನಡೆದದ್ದನ್ನು ವೇದಿಕೆಯ ಮೇಲೆ ಹೇಳುವುದಾದರೆ ಸಲ್ಮಾಳ ಹೆಸರು ಎತ್ತಬೇಡ, ದ್ರಾಕ್ಷಾಯಿಣಿಯ ಹೆಸರೂ ಎತ್ತಬೇಡ. ಅವರಿಗೆ ಜುಲೈ ಬರಬೇಕು.

ನಿನ್ನ ಮೇಲೆ ಸಿಟ್ಟಿಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ಬೈದು ಮುಗಿಸಿ, ಮತ್ತೆ ಸ್ನೇಹವಾಗುತ್ತಿದ್ದೆವು. ನೀನು ನನಗೆ ಒಳ್ಳೆಯದನ್ನೇ ಮಾಡಲು ಹೊರಟಿದ್ದೆ ಎಂದು ನನಗೆ ಗೊತ್ತಿದೆ. ಅದಕ್ಕೇ ಏನೂ ಮಾಡಲು ತೋಚುವುದಿಲ್ಲ.

ಆದರೆ ನನ್ನ ಮನೆಗೆ ಬರಬೇಡ.

ಕಾರಣ ಹೇಳುತ್ತೇನೆ. ನನ್ನ ಕೆಲಸ ಹೋದದ್ದನ್ನು ಅತ್ತೆಗೆ ನಾವಿನ್ನೂ ಹೇಳಿಲ್ಲ. ಇವರಿಗೆ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ. ಹಲಗೇರಿಯಲ್ಲಿ ಅವರು ಇನ್ನೂ ತಲೆಯೆತ್ತಿ ತಿರುಗುತ್ತಾರೆ. ಸೊಸೆಗೆ ನೌಕರಿ ಕೊಡಿಸಿದ ಪುಣ್ಯಾತ್ಗಿತ್ತಿ ಎಂದು ನಿನ್ನ ಹೆಸರು ಹೇಳುತ್ತಾರೆ. ನೀನು ಈ ಊರಿಗೆ ಬಂದ ಸುದ್ದಿ ಸಿಕ್ಕರೆ ಮುಂದಿನ ಬಸ್ಸಿಗೇ ಬಂದು ಇಳಿಯುತ್ತಾರೆ. ನಿನಗೆ ಉಡಿ ತುಂಬಬೇಕೆಂದು ಗುಳೇದಗುಡ್ಡದ ಕುಪ್ಪಸದ ಖಣ ತರಿಸಿ ಇಟ್ಟುಕೊಂಡಿದ್ದಾರೆ. “ಆಕಿ ಬಂದಾಗ ನನಗ ಹೇಳದ ಕಳಿಸೀದಿ ನೋಡ್ ಮತ್ತ” ಎಂದು ಮೊನ್ನೆಯೂ ಹೇಳಿದರು. ನೀನು ಮಣೆಯ ಮೇಲೆ ಕೂತಿರುತ್ತೀ, ಅವರು ನಿನ್ನ ಸೆರಗಿಗೆ ಕಾಯಿ, ಅಕ್ಕಿ ಹಾಕಿ, ಕೈಮುಗಿಯುತ್ತಾರೆ. ನಾನು ಪಕ್ಕದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿರಬೇಕು.

ಅದು ನನ್ನಿಂದ ಆಗುವುದಿಲ್ಲ.

ನಿರ್ಮಲಾ